ಬಿಟ್ಟ ತುತ್ತು ಯಾರ ಪಾಲು?

ಉಪವಾಸವೆಂಬುದು ನಮ್ಮ ಮನೆಗಳಿಗೆ ಹೊಸ ಮಾತಲ್ಲ. ಏಕಾದಶಿಯಂದು ನಿರಾಹಾರವಿದ್ದು ದ್ವಾದಶಿಯ ಬೆಳಗ್ಗೆ ಪಾರಣೆ ಮಾಡುವ ಅಜ್ಜಿಯರು, ಶಿವರಾತ್ರಿಯ ಜಾಗರಣೆಗೆ ಕೂರುವ ಗೃಹಸ್ಥರು, ಶನಿವಾರದ ಒಪ್ಪೊತ್ತನ್ನು ತಪ್ಪದೆ ನಡೆಸುವ ಗುಮಾಸ್ತರು, ರಂಜಾನಿನ ತಿಂಗಳಲ್ಲಿ ಹನಿ ನೀರನ್ನೂ ಮುಟ್ಟದೆ ಸೂರ್ಯಾಸ್ತವನ್ನು ಕಾಯುವ ನೆರೆಯವರು - ಇವರೆಲ್ಲರನ್ನೂ ಓದುಗರು ಬಲ್ಲರು. ಏಕಾದಶಿಯ ಹೆಸರಿನಲ್ಲಿ ಅನ್ನವೊಂದನ್ನು ಬಿಟ್ಟು, ಉಪ್ಪಿಟ್ಟು, ಅವಲಕ್ಕಿ, ಹಣ್ಣು, ಹಾಲುಗಳಿಂದ ಎರಡು ಊಟದಷ್ಟು ಫಲಾಹಾರ ಮುಗಿಸುವವರ ವಿನೋದವೂ ಎಲ್ಲರಿಗೂ ಗೊತ್ತು. ಆದರೆ ಅದೇ ಬೀದಿಯ ಕ್ರೈಸ್ತ ಕುಟುಂಬವೂ ವರ್ಷಕ್ಕೊಮ್ಮೆ ನಲವತ್ತು ದಿನಗಳ ವ್ರತವನ್ನು ಹಿಡಿಯುತ್ತದೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಕ್ರಿಸ್ಮಸ್ಸಿನ ಕೇಕು ನೆರೆಹೊರೆಗೆ ಬರುತ್ತದೆ. ಉಪವಾಸ ಮಾತ್ರ ಹೊಸ್ತಿಲು ದಾಟುವುದಿಲ್ಲ.

ದಾಟಬಾರದೆಂಬುದೇ ಆ ಧರ್ಮದ ಕಟ್ಟಳೆ. ಉಪವಾಸವಿದ್ದವನು ಮುಖ ಬಾಡಿಸಿಕೊಂಡು ಜನರ ಮುಂದೆ ಸುಳಿದಾಡಬಾರದು. ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಎಂದಿನಂತೆಯೇ ಇರಬೇಕು ಎಂಬುದು ಏಸುಕ್ರಿಸ್ತನ ಬೋಧೆ. ದೇವರೊಬ್ಬನಿಗೆ ತಿಳಿದರೆ ಸಾಕೆಂದು ಅದರ ತಾತ್ಪರ್ಯ.

ಗುಟ್ಟಾಗಿ ನಡೆಯಬೇಕಾದ ಈ ವ್ರತಕ್ಕೆ ಎರಡು ಸಾವಿರ ವರ್ಷಗಳ ಬಹಿರಂಗ ಇತಿಹಾಸವುಂಟು. ಅದರಲ್ಲಿ ತಪಸ್ವಿಗಳಿದ್ದಾರೆ, ಚತುರರಿದ್ದಾರೆ, ಬಂಡಾಯಗಾರರಿದ್ದಾರೆ. ಆ ಇತಿಹಾಸದುದ್ದಕ್ಕೂ ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ತಲೆಯೆತ್ತುತ್ತದೆ. ಊಟ ಬಿಟ್ಟದ್ದು ಸರಿ. ಬಿಟ್ಟ ಆ ತುತ್ತು ಏನಾಯಿತು? ಅದು ಮರಳಿ ಉಗ್ರಾಣವನ್ನು ಸೇರಿತೋ, ಹಸಿದವನ ಎಲೆಗೆ ಬಿದ್ದಿತೋ?

ನಲವತ್ತು ದಿನಗಳ ಲೆಕ್ಕ

ಕ್ರೈಸ್ತ ಉಪವಾಸದ ಮೂಲ ಬೈಬಲಿನಲ್ಲಿದೆ. ಮೋಶೆ ಸೀನಾಯಿ ಬೆಟ್ಟದ ಮೇಲೆ ನಲವತ್ತು ದಿನ ಅನ್ನನೀರುಗಳಿಲ್ಲದೆ ಇದ್ದನು. ಪ್ರವಾದಿ ಎಲೀಯನು ಒಮ್ಮೆ ಉಂಡ ಆಹಾರದ ಬಲದಿಂದ ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದನು. ಏಸುಕ್ರಿಸ್ತನು ತನ್ನ ಬೋಧನೆಯನ್ನು ಆರಂಭಿಸುವ ಮುನ್ನ ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದನು. ಹಸಿದಿದ್ದ ಅವನ ಮುಂದೆ ಸೈತಾನನು ಒಡ್ಡಿದ ಮೊದಲ ಆಮಿಷವೇ ರೊಟ್ಟಿ: ಕಲ್ಲುಗಳನ್ನು ರೊಟ್ಟಿಯಾಗಿಸಿಕೊಂಡು ತಿನ್ನೆಂಬ ಸವಾಲು. ಕ್ರಿಸ್ತನು ಒಪ್ಪಲಿಲ್ಲ. ಮುಂದೆ ಸಾವಿರಾರು ಜನ ಹಸಿದು ಕುಳಿತಾಗ ಮಾತ್ರ ಅವನೇ ಐದು ರೊಟ್ಟಿಗಳನ್ನು ಮುರಿದು ಹಂಚಿಸಿದನು. ತನ್ನ ಹಸಿವಿಗಾಗಿ ಮಾಡದ ಪವಾಡವನ್ನು ಪರರ ಹಸಿವಿಗಾಗಿ ಮಾಡಿದನೆಂಬ ಈ ಹೋಲಿಕೆಯಲ್ಲಿ ಕ್ರೈಸ್ತ ಉಪವಾಸದ ತಿರುಳೆಲ್ಲ ಅಡಗಿದೆ ಎನ್ನಬಹುದು.

ಅವನಿಗಿಂತ ಶತಮಾನಗಳ ಹಿಂದೆಯೇ ಯೆಶಾಯನ ಹೆಸರಿನ ಪ್ರವಾದನ ಗ್ರಂಥ ಈ ವಿಷಯವನ್ನು ಖಂಡತುಂಡವಾಗಿ ಹೇಳಿತ್ತು. ತಲೆ ಬಾಗಿಸಿ ಗೋಣಿತಟ್ಟು ಹಾಸಿಕೊಂಡು ಕುಳಿತ ಮಾತ್ರಕ್ಕೆ ಅದು ಉಪವಾಸವಾಗದು. ಹಸಿದವನೊಡನೆ ರೊಟ್ಟಿಯನ್ನು ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಗೆ ಕರೆಯುವುದು, ಬಟ್ಟೆಯಿಲ್ಲದವನಿಗೆ ಹೊದಿಸುವುದು - ಇದೇ ದೇವರಿಗೆ ಮೆಚ್ಚಿಕೆಯಾದ ಉಪವಾಸವೆಂದು ಅದರ 58ನೆಯ ಅಧ್ಯಾಯ ಸಾರುತ್ತದೆ.

ಪಶ್ಚಿಮದ ಕ್ರೈಸ್ತರಲ್ಲಿ ವ್ರತಕಾಲ ಬೂದಿ ಬುಧವಾರದಿಂದ ಮೊದಲಾಗುತ್ತದೆ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಹಿಡಿದಿದ್ದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಗುರುಗಳು ಭಕ್ತರ ಹಣೆಗೆ ಹಚ್ಚುತ್ತಾರೆ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಮರಳುವವನು ಎಂಬುದರ ನೆನಪು ಅದು. ಅಂದಿನಿಂದ ಈಸ್ಟರ್ ಹಬ್ಬದ ಮುನ್ನಾದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಭಾನುವಾರ ಕ್ರಿಸ್ತನ ಪುನರುತ್ಥಾನದ ಸಂತೋಷದ ದಿನವಾದುದರಿಂದ ಆ ಆರು ಭಾನುವಾರಗಳಂದು ಉಪವಾಸವಿಲ್ಲ. ಉಳಿದದ್ದು ನಲವತ್ತು. ಇಂಗ್ಲಿಷಿನಲ್ಲಿ ಈ ಕಾಲಕ್ಕೆ ಲೆಂಟ್ ಎಂದು ಹೆಸರು. ಹಳೆಯ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ವಸಂತವೆಂದೇ ಅರ್ಥ. ಕನ್ನಡ ಕಥೋಲಿಕರು ಇದನ್ನು ತಪಸ್ಸು ಕಾಲವೆಂದು ಕರೆಯುತ್ತಾರೆ. ಕ್ರಿಸ್ತಶಕ 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಸೇರಿದ ಮಹಾಸಭೆಯ ನಿಬಂಧನೆಗಳಲ್ಲಿಯೇ ಈ ನಲವತ್ತು ದಿನಗಳ ಉಲ್ಲೇಖವಿದೆ.

ಊಟದ ಬೆಲೆ

ಮೊದಲ ಕ್ರೈಸ್ತರ ಉಪವಾಸ ಸರಳವಾಗಿತ್ತು. ದಿದಾಖೆ ಎಂಬ ಅತ್ಯಂತ ಪ್ರಾಚೀನವಾದ ಕ್ರೈಸ್ತ ಕೈಪಿಡಿಯೊಂದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ದೊರೆತು 1883ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಬುಧವಾರ ಮತ್ತು ಶುಕ್ರವಾರ ಉಪವಾಸದ ದಿನಗಳು. ದೀಕ್ಷಾಸ್ನಾನ ಪಡೆಯುವವನು ಒಂದೆರಡು ದಿನ ಮೊದಲು ಉಪವಾಸವಿರಬೇಕು. ದೀಕ್ಷೆ ಕೊಡುವವನೂ ಇರಬೇಕು.

ಬಿಟ್ಟ ತುತ್ತಿನ ಲೆಕ್ಕವನ್ನು ಬರೆದಿಟ್ಟವನು ಹರ್ಮಸ್. ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಈತನ ಗ್ರಂಥದಲ್ಲಿ ದೇವದೂತನೊಬ್ಬನು ಉಪವಾಸದ ವಿಧಾನವನ್ನು ಉಪದೇಶಿಸುತ್ತಾನೆ. ಅಂದು ರೊಟ್ಟಿ ಮತ್ತು ನೀರಲ್ಲದೆ ಬೇರೇನನ್ನೂ ಮುಟ್ಟಬಾರದು. ಉಣ್ಣದೆ ಬಿಟ್ಟ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತೆಂದು ಎಣಿಸಬೇಕು. ಆ ಹಣವನ್ನು ವಿಧವೆಗೋ ಅನಾಥನಿಗೋ ದಿಕ್ಕಿಲ್ಲದವನಿಗೋ ಕೊಡಬೇಕು. ಮನೆಯ ಜಮಾಖರ್ಚು ಬರೆಯುವ ಗೃಹಿಣಿಗೂ ಸುಲಭವಾಗಿ ತಿಳಿಯುವ ಲೆಕ್ಕವಿದು.

ಅದೇ ಶತಮಾನದಲ್ಲಿ ಅಥೆನ್ಸಿನ ಅರಿಸ್ಟೈಡಿಸ್ ಎಂಬ ಪಂಡಿತನು ಕ್ರೈಸ್ತರ ಪರವಾಗಿ ರೋಮಿನ ಚಕ್ರವರ್ತಿಗೆ ಒಂದು ವಿಜ್ಞಾಪನೆಯನ್ನು ಬರೆದನು. ಕಳೆದುಹೋಗಿದ್ದ ಆ ಬರಹದ ಸಿರಿಯಾಕ್ ಭಾಷಾಂತರ 1889ರಲ್ಲಿ ಸೀನಾಯಿಯ ಸಂತ ಕ್ಯಾಥರೀನಳ ಮಠದಲ್ಲಿ ಪತ್ತೆಯಾಯಿತು. ಅದರಲ್ಲಿ ಒಂದು ಸಂಗತಿ ಮನಸ್ಸನ್ನು ತಟ್ಟುತ್ತದೆ. ಈ ಜನರಲ್ಲಿ ಒಬ್ಬ ಬಡವನಿದ್ದು, ಅವನಿಗೆ ಕೊಡಲು ಇತರರ ಮನೆಯಲ್ಲಿ ಹೆಚ್ಚುವರಿ ಆಹಾರವಿಲ್ಲದಿದ್ದರೆ, ಅವರು ಎರಡು ಮೂರು ದಿನ ತಾವೇ ಉಪವಾಸವಿದ್ದು ಅವನಿಗೆ ಅನ್ನ ಒದಗಿಸುತ್ತಾರೆ ಎಂದು ಅವನು ಹೇಳುತ್ತಾನೆ. ಉಳ್ಳವರು ಉಳಿದದ್ದನ್ನು ಕೊಡುವುದು ಲೋಕರೂಢಿ. ಇಲ್ಲದವರು ಉಣ್ಣದೆ ಕೊಟ್ಟದ್ದು ಇಲ್ಲಿನ ವಿಶೇಷ. ಐದನೆಯ ಶತಮಾನದಲ್ಲಿ ಪೋಪ್ ಮಹಾ ಲಿಯೋ ತನ್ನ ಉಪದೇಶಗಳಲ್ಲಿ, ಉಪವಾಸಿಯು ಬಿಟ್ಟದ್ದು ಬಡವನ ಪೋಷಣೆಯಾಗಲಿ ಎಂದು ಇದೇ ಭಾವನೆಯನ್ನು ಎತ್ತಿ ಹಿಡಿದನು.

ಮರುಭೂಮಿಯ ತಪಸ್ವಿಗಳು

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿ ಕ್ರೈಸ್ತ ತಪಸ್ವಿಗಳ ಬೀಡಾಯಿತು. ಅವರಲ್ಲಿ ಅಗ್ರಗಣ್ಯನಾದ ಸಂತ ಅಂತೋನಿ ದಿನಕ್ಕೊಮ್ಮೆ, ಸೂರ್ಯ ಮುಳುಗಿದ ಮೇಲೆ, ರೊಟ್ಟಿ, ಉಪ್ಪು ಮತ್ತು ನೀರಿನಿಂದ ತೃಪ್ತನಾಗುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದ ಅಥನೇಸಿಯಸ್ ತಿಳಿಸುತ್ತಾನೆ. ಈ ಕಠಿಣ ವ್ರತಿಗಳ ನಡುವೆಯೂ ಒಂದು ಧರ್ಮಸೂಕ್ಷ್ಮವಿತ್ತು. ಜಾನ್ ಕ್ಯಾಸಿಯನ್ ಎಂಬ ಯಾತ್ರಿಕನು ತನ್ನ ಗೆಳೆಯನೊಡನೆ ಅವರ ಗುಡಿಸಲುಗಳಿಗೆ ಹೋದಾಗ, ಉಪವಾಸದ ದಿನವಾಗಿದ್ದರೂ ಹಿರಿಯರು ಅತಿಥಿಗಳೊಡನೆ ಕುಳಿತು ಉಂಡರು. ಕಾರಣ ಕೇಳಿದಾಗ ಒಬ್ಬ ವೃದ್ಧ ತಪಸ್ವಿ ನೀಡಿದ ಉತ್ತರದ ಅಭಿಪ್ರಾಯವಿಷ್ಟು: ಉಪವಾಸ ಎಂದಿಗೂ ನನ್ನ ಜೊತೆಯಲ್ಲಿಯೇ ಇರುತ್ತದೆ, ನಾಳೆಯೂ ಸಿಕ್ಕುತ್ತದೆ, ನೀವು ಇಂದು ಬಂದವರು, ನಾಳೆ ಹೊರಟುಹೋಗುವಿರಿ. ಅತಿಥಿಸತ್ಕಾರದ ಮುಂದೆ ವ್ರತವೂ ತಲೆಬಾಗಬೇಕೆಂಬುದು ಅವರ ನಂಬಿಕೆಯಾಗಿತ್ತು.

ಈ ವಿವೇಕ ಎಲ್ಲರಲ್ಲಿಯೂ ಇರಲಿಲ್ಲ. 384ರಲ್ಲಿ ರೋಮ್ ನಗರದಲ್ಲಿ ನಡೆದ ದುರಂತ ಅದಕ್ಕೆ ಸಾಕ್ಷಿ. ಶ್ರೀಮಂತ ಮನೆತನದ ಬ್ಲೆಸಿಲ್ಲಾ ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದವಳು. ಕಾಯಿಲೆಯಿಂದ ಎದ್ದ ಆಕೆ, ಬೈಬಲಿನ ಲ್ಯಾಟಿನ್ ಭಾಷಾಂತರಕಾರನೆಂದು ಮುಂದೆ ಪ್ರಖ್ಯಾತನಾದ ಜೆರೋಮನ ಮಾರ್ಗದರ್ಶನದಲ್ಲಿ ಕಠೋರ ವ್ರತಗಳನ್ನು ಕೈಗೊಂಡಳು. ಕೆಲವೇ ತಿಂಗಳಲ್ಲಿ, ಸುಮಾರು ಇಪ್ಪತ್ತರ ವಯಸ್ಸಿನಲ್ಲಿ, ತೀರಿಕೊಂಡಳು. ಶವಯಾತ್ರೆಯಲ್ಲಿ ತಾಯಿ ಪೌಲಾ ಮೂರ್ಛೆ ಹೋದಳು. ಹುಡುಗಿಯನ್ನು ಉಪವಾಸವೇ ಕೊಂದಿತೆಂದು ಜನರು ಗೊಣಗಿ, ಸಂನ್ಯಾಸಿಗಳನ್ನು ಊರಿನಿಂದ ಅಟ್ಟಬೇಕೆಂದರು. ಮರುವರ್ಷ ಜೆರೋಮನು ರೋಮನ್ನು ಬಿಟ್ಟು ಹೊರಟನು. ಜನರ ಆ ಕೋಪದಲ್ಲಿ ನ್ಯಾಯವಿರಲಿಲ್ಲವೆನ್ನಲಾಗದು. ಆಕೆ ಬಿಟ್ಟ ತುತ್ತು ಯಾರ ಹಸಿವನ್ನೂ ತಣಿಸಲಿಲ್ಲ. ಆಕೆಯ ಜೀವವನ್ನೇ ತೆಗೆದುಕೊಂಡಿತು.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠವಾಸಿಗಳಿಗೆ ನಿಯಮಾವಳಿಯನ್ನು ಬರೆದಾಗ ಇಂಥ ಅತಿರೇಕಕ್ಕೆ ಕಡಿವಾಣ ಹಾಕಿದನು. ನಲವತ್ತು ದಿನಗಳಲ್ಲಿ ಯಾರು ಏನನ್ನು ಬಿಡುತ್ತಾರೆಂಬುದನ್ನು ಮೊದಲು ಮಠಾಧಿಪತಿಗೆ ತಿಳಿಸಿ ಅಪ್ಪಣೆ ಪಡೆಯಬೇಕು; ಅಪ್ಪಣೆಯಿಲ್ಲದ ತಪಸ್ಸು ಪುಣ್ಯವಲ್ಲ, ಅಹಂಕಾರ.

ಚಾಪೆ ಮತ್ತು ರಂಗೋಲಿ

ಕಾಲ ಕಳೆದಂತೆ ವ್ರತಕ್ಕೆ ನಿಯಮಗಳು ಬೆಳೆದವು. ಮಧ್ಯಯುಗದ ಯೂರೋಪಿನಲ್ಲಿ ತಪಸ್ಸು ಕಾಲವೆಂದರೆ ದಿನಕ್ಕೆ ಒಂದೇ ಊಟ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಅನೇಕ ಕಡೆ ಹಾಲು ಬೆಣ್ಣೆಗಳೂ ಇಲ್ಲ. ನಿಯಮವು ಚಾಪೆಯ ಕೆಳಗೆ ತೂರಿದರೆ ನಾಲಿಗೆಯು ರಂಗೋಲಿಯ ಕೆಳಗೆ ತೂರುವುದು ಲೋಕದ ಸ್ವಭಾವ.

ಒಪ್ಪೊತ್ತಿನ ಊಟ ಮೊದಲು ಸೂರ್ಯಾಸ್ತದ ಮೇಲೆ ನಡೆಯುತ್ತಿತ್ತು. ಆಮೇಲೆ ಅದು ಹಗಲಿನ ಒಂಬತ್ತನೆಯ ಗಳಿಗೆಗೆ, ಎಂದರೆ ಮಧ್ಯಾಹ್ನ ಮೂರು ಗಂಟೆಗೆ ಬಂದಿತು. ಆ ಹೊತ್ತಿನ ಪ್ರಾರ್ಥನೆಗೆ ಲ್ಯಾಟಿನಿನಲ್ಲಿ ಒಂಬತ್ತೆಂಬ ಅರ್ಥದ ನೋನಾ ಎಂಬ ಹೆಸರಿತ್ತು. ಪ್ರಾರ್ಥನೆ ಮುಗಿದಲ್ಲದೆ ಊಟವಿಲ್ಲ. ಆದುದರಿಂದ ಪ್ರಾರ್ಥನೆಯೇ ಸ್ವಲ್ಪ ಸ್ವಲ್ಪವಾಗಿ ಮುಂಚಿತವಾಗುತ್ತ ಬಂದು ಕೊನೆಗೆ ಹನ್ನೆರಡು ಗಂಟೆಗೆ ನಿಂತಿತು! ನಡುಹಗಲಿಗೆ ಇಂಗ್ಲಿಷರು ಹೇಳುವ ನೂನ್ ಎಂಬ ಶಬ್ದ ಈ ಒಂಬತ್ತರಿಂದಲೇ ಹುಟ್ಟಿದ್ದು. ಮಧ್ಯಾಹ್ನವೇ ಊಟ ಮುಗಿದರೆ ರಾತ್ರಿ ಹಸಿವಾಗದಿರುತ್ತದೆಯೆ? ಮಠಗಳಲ್ಲಿ ಸಾಯಂಕಾಲ ಕ್ಯಾಸಿಯನ್ನನ ಗ್ರಂಥವನ್ನು ಓದುವ ವಾಡಿಕೆಯಿತ್ತು. ಆ ಗ್ರಂಥದ ಹೆಸರು ಕೊಲ್ಲೇಷಿಯೋನೆಸ್. ಓದಿನ ಹೊತ್ತಿನಲ್ಲಿ ಮೊದಲು ಒಂದಿಷ್ಟು ಪಾನೀಯ, ಬಳಿಕ ಒಂದು ಚೂರು ರೊಟ್ಟಿ ಸಲ್ಲತೊಡಗಿ, ಲಘು ಉಪಾಹಾರಕ್ಕೇ ಕೊಲ್ಲೇಷನ್ ಎಂದು ಹೆಸರಾಯಿತು. ಮರುಭೂಮಿಯ ತಪಸ್ವಿಗಳ ನಿಷ್ಠೆಯನ್ನು ಹೊಗಳಿದ ಗ್ರಂಥ ಹೀಗೆ ತಿಂಡಿಗೆ ಹೆಸರು ಕೊಟ್ಟಿತು.

ಮೀನಿಗೆ ನಿಷೇಧವಿರಲಿಲ್ಲ, ಆದುದರಿಂದ ನೀರಿಗೆ ಸಂಬಂಧಿಸಿದ ಪ್ರಾಣಿಗಳೆಲ್ಲ ಮೀನಾಗತೊಡಗಿದವು. ಒಂದು ಜಾತಿಯ ಕಡಲ ಬಾತು ಮೊಟ್ಟೆಯಿಂದಲ್ಲದೆ ನೀರಿನಲ್ಲಿ ತೇಲುವ ಮರದಿಂದ ಹುಟ್ಟುತ್ತದೆಂದು ನಂಬಿ, ಐರ್ಲೆಂಡಿನ ಕೆಲವು ಧರ್ಮಗುರುಗಳು ಅದನ್ನು ಉಪವಾಸದ ದಿನಗಳಲ್ಲಿ ತಿನ್ನುತ್ತಿದ್ದರೆಂದು ಹನ್ನೆರಡನೆಯ ಶತಮಾನದ ಲೇಖಕ ವೇಲ್ಸಿನ ಜೆರಾಲ್ಡ್ ಬರೆದಿದ್ದಾನೆ. ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ನೀರಿನಲ್ಲಿ ಈಜುವ, ಹಂದಿಯಷ್ಟು ದೊಡ್ಡ ಇಲಿಯಂಥ ಕ್ಯಾಪಿಬಾರಾ ಎಂಬ ಪ್ರಾಣಿಯ ಮಾಂಸ ಇಂದಿಗೂ ತಪಸ್ಸು ಕಾಲದ ವಿಶೇಷ ಭಕ್ಷ್ಯ.

ಬೆಣ್ಣೆಯ ಕಥೆ ಇನ್ನೂ ಸೋಜಿಗದ್ದು. ಫ್ರಾನ್ಸಿನ ಉತ್ತರ ಭಾಗದಲ್ಲಿ ಅಡುಗೆಗೆ ಬೆಣ್ಣೆಯೇ ಆಧಾರ. ಆಲಿವ್ ಎಣ್ಣೆ ದಕ್ಷಿಣದಿಂದ ಬರಬೇಕು. ನಿಗದಿಯಾದ ಕಾಣಿಕೆಯನ್ನು ಸಲ್ಲಿಸಿದವರಿಗೆ ವ್ರತಕಾಲದಲ್ಲಿಯೂ ಬೆಣ್ಣೆ ತಿನ್ನಲು ಅನುಮತಿ ದೊರೆಯುತ್ತಿತ್ತು. ಇಂಥ ಹಣದ ನೆರವಿನಿಂದ ರೂವಾಂ ಪಟ್ಟಣದ ಮಹಾ ದೇವಾಲಯದಲ್ಲಿ 1485ರಲ್ಲಿ ಒಂದು ಗೋಪುರದ ಕೆಲಸ ಆರಂಭವಾಯಿತು. ಅದಕ್ಕೆ ಇಂದಿಗೂ ಬೆಣ್ಣೆಯ ಗೋಪುರವೆಂದೇ ಹೆಸರು. ಶಿಲ್ಪ ಸುಂದರವಾದದ್ದೇ. ಆದರೆ ಹರ್ಮಸನ ಕಾಲದಲ್ಲಿ ಊಟ ಬಿಟ್ಟವನ ಹಣ ವಿಧವೆಗೆ ಹೋಗುತ್ತಿತ್ತು. ಈಗ ಊಟ ಬಿಡದವನ ಹಣ ಕಲ್ಲಿಗೆ ಹೋಯಿತು. ಬಡವನ ಹೆಸರು ಲೆಕ್ಕದಿಂದ ಬಿದ್ದುಹೋದ ಬಗೆ ಹೀಗೆ.

ಅಚ್ಚುಕೂಟದಲ್ಲಿ ಆದ ಅಪರಾಧ

ಈ ಬೆಣ್ಣೆಯ ವ್ಯಾಪಾರವನ್ನು ಜರ್ಮನಿಯ ಮಾರ್ಟಿನ್ ಲೂಥರನು 1520ರ ತನ್ನ ಬರಹವೊಂದರಲ್ಲಿ ಕಟುವಾಗಿ ಟೀಕಿಸಿದನು. ಅವನು ಉಪವಾಸವನ್ನೇ ತಳ್ಳಿಹಾಕಲಿಲ್ಲ. ಅದರಿಂದ ಪುಣ್ಯವನ್ನು ಕೊಳ್ಳಬಹುದೆಂಬ ಭಾವನೆಯನ್ನು ತಳ್ಳಿಹಾಕಿದನು. ಎರಡು ವರ್ಷಗಳ ಅನಂತರ ಸ್ವಿಟ್ಜರ್ಲೆಂಡಿನಲ್ಲಿ ವಿಷಯ ಮಾತಿನಿಂದ ಕೃತಿಗೆ ಇಳಿಯಿತು.

1522ರ ಮಾರ್ಚ್ 9, ತಪಸ್ಸು ಕಾಲದ ಮೊದಲನೆಯ ಭಾನುವಾರ. ಜ್ಯೂರಿಕ್ ನಗರದ ಮುದ್ರಕ ಕ್ರಿಸ್ಟೋಫ್ ಫ್ರೋಶೌವರನ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಫ್ರಾಂಕ್‌ಫರ್ಟಿನ ಪುಸ್ತಕಸಂತೆ ಹತ್ತಿರವಾಗಿತ್ತು. ಅಷ್ಟರೊಳಗೆ ಒಂದು ಗ್ರಂಥವನ್ನು ಅಚ್ಚುಹಾಕಿ ಮುಗಿಸಬೇಕಾಗಿತ್ತು. ಕೆಲಸಗಾರರು ಹಗಲಿರುಳು ದುಡಿಯುತ್ತಿದ್ದರು. ಅಂದು ಒಣಗಿಸಿದ ಸಾಸೇಜನ್ನು ಸಣ್ಣ ಸಣ್ಣ ಚೂರುಗಳಾಗಿ ಕೊಯ್ದು ಹಂಚಲಾಯಿತು. ನಗರದ ಪ್ರಧಾನ ಬೋಧಕ ಉಲ್ರಿಕ್ ಜ್ವಿಂಗ್ಲಿ ಅಲ್ಲಿಯೇ ಇದ್ದನು. ಅವನು ತಿನ್ನಲಿಲ್ಲ, ತಿನ್ನುವವರನ್ನು ತಡೆಯಲೂ ಇಲ್ಲ. ಸುದ್ದಿ ಹಬ್ಬಿತು, ಮುದ್ರಕನು ಬಂಧನಕ್ಕೊಳಗಾದನು. ಬರಿಯ ಗಂಜಿಯಿಂದ ಇಂಥ ಶ್ರಮದ ಕೆಲಸ ಸಾಗದು, ಮೀನನ್ನು ಯಾವಾಗಲೂ ಕೊಳ್ಳಲು ಶಕ್ತಿಯಿಲ್ಲ ಎಂಬುದು ಅವನ ಸಮಜಾಯಿಷಿ. ಮಾರ್ಚ್ 23ರಂದು ಜ್ವಿಂಗ್ಲಿ ಅವನ ಪರವಾಗಿ ಪ್ರವಚನ ಮಾಡಿದನು. ಉಪವಾಸ ಬೇಕೆನ್ನುವವನು ಮಾಡಲಿ, ಬೇಡವೆನ್ನುವವನನ್ನು ಶಿಕ್ಷಿಸಬಾರದು. ದುಡಿಯುವವನ ಬಳಲಿಕೆ ಬೇರೆ, ಕುಳಿತು ಉಣ್ಣುವವನ ವ್ರತ ಬೇರೆ ಎಂಬುದು ಅವನ ವಾದ. ಸ್ವಿಟ್ಜರ್ಲೆಂಡಿನ ಧರ್ಮಸುಧಾರಣೆಗೆ ಸಾಮಾನ್ಯವಾಗಿ ಇದನ್ನೇ ನಾಂದಿಯೆಂದು ಎಣಿಸುತ್ತಾರೆ.

ಅಂದಿನಿಂದ ಪ್ರಾಟೆಸ್ಟಂಟರಲ್ಲಿ ಉಪವಾಸ ಕಡ್ಡಾಯದ ಕಟ್ಟಳೆಯಾಗಿ ಉಳಿಯಲಿಲ್ಲ, ವ್ಯಕ್ತಿಯ ಸಂಕಲ್ಪವಾಯಿತು. ದೊಡ್ಡ ವಿಪತ್ತು ಬಂದಾಗ ಮಾತ್ರ ಸರ್ಕಾರವೇ ಉಪವಾಸದ ದಿನವನ್ನು ಸಾರುವುದುಂಟಾಗಿತ್ತು. ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಭೀಕರ ಕ್ಷಾಮ ತಲೆದೋರಿದಾಗ, 1847ರ ಮಾರ್ಚ್ 24ನ್ನು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಉಪವಾಸದ ದಿನವನ್ನಾಗಿ ಆಚರಿಸಿದರು. ಕ್ಷಾಮಪರಿಹಾರಕ್ಕೆಂದು ರಾಣಿಯ ಪತ್ರದ ಮೇರೆಗೆ ಆ ವರ್ಷ ಚರ್ಚುಗಳಲ್ಲಿ ಹಣ ಕೂಡಿತೆಂಬುದು ನಿಜ. ಆದರೆ ಆ ಕ್ಷಾಮದ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಐರಿಷ್ ಜನ ಸತ್ತರು. ಅದೇ ಕಾಲದಲ್ಲಿ ಅವರ ನಾಡಿನ ಧಾನ್ಯ ಹಡಗುಗಳಲ್ಲಿ ಹೊರಕ್ಕೆ ಹೋಗುತ್ತಲೇ ಇತ್ತು. ಒಂದು ದಿನದ ಹಸಿವನ್ನು ಆರಿಸಿಕೊಂಡವರಿಗೂ ಹಸಿವಿನಿಂದ ಬಿಡುಗಡೆಯೇ ಇಲ್ಲದವರಿಗೂ ನಡುವಿನ ಅಂತರವನ್ನು ಪ್ರಾರ್ಥನೆಯೊಂದೇ ತುಂಬಲಾರದು.

ಪೂರ್ವದ ನೋಂಪಿ

ಪೂರ್ವದ ಪ್ರಾಚೀನ ಸಭೆಗಳಲ್ಲಿ ಹಳೆಯ ಕಾಠಿಣ್ಯ ಹೆಚ್ಚಾಗಿ ಉಳಿದಿದೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯಲ್ಲಿ ಸಾಮಾನ್ಯ ಭಕ್ತರಿಗೆ ವರ್ಷದಲ್ಲಿ ಸುಮಾರು 180, ಗುರುಗಳಿಗೆ ಸುಮಾರು 250 ಉಪವಾಸದ ದಿನಗಳುಂಟು. ಈಸ್ಟರಿಗೆ ಮುಂಚಿನ ವ್ರತವೇ 55 ದಿನಗಳದ್ದು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಸಲ್ಲದು. ಟೆಫ್ ಎಂಬ ಸಣ್ಣ ಧಾನ್ಯದ ಹುಳಿಹಿಟ್ಟಿನಿಂದ ದೋಸೆಯಂತೆ ಹುಯ್ಯುವ ಇಂಜೆರಾ, ಬೇಳೆ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪು - ಅವರ ವ್ರತದೂಟ ನಮ್ಮ ಸಸ್ಯಾಹಾರಿಗಳಿಗೆ ಹಬ್ಬದೂಟವೆನಿಸೀತು.

ಭಾರತದಲ್ಲಿ ಈ ಪರಂಪರೆಯವರು ಕೇರಳದ ಸಿರಿಯನ್ ಕ್ರೈಸ್ತರು. ಈಸ್ಟರಿಗೆ ಮುಂಚಿನ ಐವತ್ತು ದಿನಗಳ ವ್ರತವನ್ನು ಅವರು ಮಲಯಾಳದಲ್ಲಿ ಐವತ್ತು ದಿನದ ನೋಂಬು ಎನ್ನುತ್ತಾರೆ. ಕನ್ನಡನಾಡಿನ ಜೈನರು ಹೇಳುವ ನೋಂಪಿಗೂ ಆ ನೋಂಬಿಗೂ ಬೇರು ಒಂದೇ. ಇದಕ್ಕೂ ಮುನ್ನ ಬರುವ ಮೂರು ದಿನಗಳ ನೋಂಬು, ನಿನೆವೆ ಪಟ್ಟಣದ ಜನ ಯೋನನ ಎಚ್ಚರಿಕೆಯನ್ನು ಕೇಳಿ ಉಪವಾಸವಿದ್ದುದರ ನೆನಪು. ಆಗ ಕುರವಿಲಂಗಾಡಿನ ಚರ್ಚಿನಲ್ಲಿ ಮರದ ಹಡಗನ್ನು ಹೊತ್ತು, ಬಿರುಗಾಳಿಗೆ ಸಿಕ್ಕಿದ ಯೋನನ ನಾವೆಯಂತೆ ತೂಗಾಡಿಸುತ್ತ ಮೆರವಣಿಗೆ ನಡೆಸುತ್ತಾರೆ. ಶುಭ ಶುಕ್ರವಾರದ ಹಿಂದಿನ ರಾತ್ರಿ ಮನೆಯ ಯಜಮಾನನು ಹುಳಿಯಿಲ್ಲದ ಪೆಸಹಾ ಅಪ್ಪವನ್ನು ಕೊಯ್ದು, ಬೆಲ್ಲ ಮತ್ತು ತೆಂಗಿನ ಹಾಲಿನೊಡನೆ ಮನೆಮಂದಿಗೆಲ್ಲ ಹಂಚುತ್ತಾನೆ. ಸಾವು ಸಂಭವಿಸಿದ ಮನೆಯಲ್ಲಿ ಆ ವರ್ಷ ಅಪ್ಪ ಮಾಡುವುದಿಲ್ಲ. ನೆರೆಯವರೂ ನೆಂಟರೂ ತಮ್ಮ ಮನೆಯದನ್ನು ಅವರಿಗೆ ಕಳಿಸಿಕೊಡುತ್ತಾರೆ.

ನಮ್ಮ ಕರಾವಳಿಯ ಕಥೋಲಿಕರಿಗೆ ಪಶ್ಚಿಮದ ನಿಯಮ ಒಂದು ವಿಚಿತ್ರ ಸನ್ನಿವೇಶವನ್ನು ತಂದೊಡ್ಡುತ್ತದೆ. ಆ ನಿಯಮದಲ್ಲಿ ಶುಕ್ರವಾರ ಮಾಂಸವಿಲ್ಲ, ಮೀನು ಸಲ್ಲುತ್ತದೆ. ಒಳನಾಡಿನ ಯೂರೋಪಿನವನಿಗೆ ಮೀನು ಬಡ ಊಟವಾಗಿದ್ದೀತು. ಮಂಗಳೂರಿನವನಿಗೆ ಬಂಗುಡೆಯ ಸಾರು ತ್ಯಾಗವೆ? ಅಕ್ಷರವನ್ನು ಪಾಲಿಸಿ ಆಶಯವನ್ನು ತಪ್ಪಿಸುವುದು ಎಷ್ಟು ಸುಲಭವೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಮನಃಪೂರ್ವಕವಾಗಿ ವ್ರತ ಹಿಡಿದವರು ಮೀನನ್ನೂ ಬಿಡುವುದು ಇದರಿಂದಲೇ.

ಹಸಿವನ್ನು ಕಂಡವರ ಸಂಕಲ್ಪ

ಬಿಟ್ಟ ತುತ್ತಿನ ಹಳೆಯ ಲೆಕ್ಕ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಜೀವ ತಳೆಯಿತು. ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನಿಯ ನಗರಗಳು ಬೂದಿಯಾಗಿದ್ದವು. ಅನ್ನವಿಲ್ಲ, ಚಳಿಗೆ ಇದ್ದಿಲಿಲ್ಲ. 1946ರ ಡಿಸೆಂಬರ್ 31ರಂದು ಕಲೋನಿನ ಧರ್ಮಾಧ್ಯಕ್ಷ ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್ ಪ್ರವಚನ ಮಾಡುತ್ತ, ಬದುಕಿ ಉಳಿಯಲು ಅತ್ಯಗತ್ಯವಾದುದನ್ನು ಬೇರೆ ದಾರಿಯಿಲ್ಲದಾಗ ತೆಗೆದುಕೊಂಡರೆ ತಪ್ಪಲ್ಲವೆಂದು ಹೇಳಿದರು. ಜನರು ಕಲ್ಲಿದ್ದಲು ಕದಿಯುವುದಕ್ಕೆ ಅವರ ಹೆಸರನ್ನೇ ಕ್ರಿಯಾಪದವಾಗಿ ಬಳಸತೊಡಗಿದರು!

ಹನ್ನೆರಡು ವರ್ಷಗಳಲ್ಲಿ ಆ ನಾಡು ಚೇತರಿಸಿಕೊಂಡಿತು. ತಾವು ಉಂಡ ಹಸಿವನ್ನು ಮರೆಯದ ಅದೇ ಫ್ರಿಂಗ್ಸರ ಸಲಹೆಯಂತೆ ಜರ್ಮನಿಯ ಬಿಷಪ್ಪರು 1958ರಲ್ಲಿ ಮಿಸೆರಿಯೊರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಸಿದ ಜನರನ್ನು ಕಂಡು ಕ್ರಿಸ್ತನು ಕನಿಕರಪಟ್ಟ ಪ್ರಸಂಗದಿಂದ ಆ ಹೆಸರನ್ನು ಆರಿಸಿದ್ದರು. ಲೋಕದ ಹಸಿವು ಮತ್ತು ಕುಷ್ಠರೋಗಗಳ ನಿವಾರಣೆಗಾಗಿ ತಪಸ್ಸು ಕಾಲದಲ್ಲಿ ಉಣ್ಣದೆ ಉಳಿಸಿದ್ದನ್ನು ಕೊಡಿರೆಂದು ಕೇಳಿದರು. ಆ ಸಂಗ್ರಹ ಇಂದಿಗೂ ವರ್ಷ ವರ್ಷ ನಡೆದು ಬಂದಿದೆ; ನೆರವು ಪಡೆದ ದೇಶಗಳಲ್ಲಿ ಭಾರತವೂ ಒಂದು. 1975ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಲೆನ್‌ಟೌನಿನಲ್ಲಿ, ಆಫ್ರಿಕದ ಕ್ಷಾಮದ ಸುದ್ದಿಯಿಂದ ಕಳವಳಗೊಂಡ ಜನರು ಅನ್ನದ ಬೋಗುಣಿ ಎಂಬ ಹೆಸರಿನಿಂದ ಇಂಥದೇ ಕಾರ್ಯವನ್ನು ತೊಡಗಿಸಿದರು. ರಟ್ಟಿನ ಪುಟ್ಟ ಡಬ್ಬಿ ಊಟದ ಮೇಜಿನ ಮೇಲಿರುತ್ತದೆ. ಸರಳ ಊಟದಿಂದ ಉಳಿದ ಕಾಸನ್ನು ಮಕ್ಕಳೇ ಅದರಲ್ಲಿ ಹಾಕುತ್ತಾರೆ. ಹರ್ಮಸನ ಲೆಕ್ಕವೇ ಹದಿನೆಂಟು ಶತಮಾನಗಳ ಮೇಲೆ ರಟ್ಟಿನ ಡಬ್ಬಿಯಾಗಿ ಬಂದಿತೆನ್ನಬೇಕು.

ಉಪವಾಸವು ಶಾಂತಿಯ ಕೂಗಾಗಿಯೂ ಎದ್ದಿತು. ಇಟಲಿಯಲ್ಲಿ ಹುಟ್ಟಿದ ಲಾಂಜಾ ದೆಲ್ ವಾಸ್ತೋ 1937ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರ ಬಳಿ ಇದ್ದವನು. ಶಾಂತಿದಾಸನೆಂಬ ಹೆಸರನ್ನು ಅವರಿಂದಲೇ ಪಡೆದವನು. 1963ರಲ್ಲಿ ಅವನು ರೋಮಿನಲ್ಲಿ ನಲವತ್ತು ದಿನ ಉಪವಾಸವಿದ್ದು, ಯುದ್ಧದ ವಿರುದ್ಧ ಮಾತನಾಡಬೇಕೆಂದು ಪೋಪರನ್ನು ಪ್ರಾರ್ಥಿಸಿದನು. 1965ರ ಅಕ್ಟೋಬರಿನಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆ ಅಲ್ಲಿ ನಡೆಯುತ್ತಿದ್ದಾಗ, ಸುಮಾರು ಇಪ್ಪತ್ತು ಮಂದಿ ಸ್ತ್ರೀಯರು ಹತ್ತು ದಿನ ನೀರಿನಲ್ಲಿಯೇ ಕಳೆದರು. ಅವರಲ್ಲಿ ಅಮೆರಿಕದ ಡೊರೊತಿ ಡೇ ಒಬ್ಬರು. ಆಗ ಅವರಿಗೆ 67 ವರ್ಷ. ನ್ಯೂಯಾರ್ಕಿನಲ್ಲಿ ಮೂರು ದಶಕಗಳಿಂದ ಹಸಿದವರಿಗೆ ಬಡಿಸುತ್ತ ಬಂದಿದ್ದ ಆಕೆ, ತಮ್ಮ ಉಪವಾಸವನ್ನು ಲೋಕದ ಕ್ಷಾಮಪೀಡಿತರ ಹೆಸರಿನಲ್ಲಿ ಅರ್ಪಿಸಿದರು.

ಮರುವರ್ಷ, 1966ರ ಫೆಬ್ರವರಿ 17ರಂದು, ಪೋಪ್ ಆರನೆಯ ಪೌಲರು ಹಳೆಯ ನಿಯಮಗಳನ್ನು ಬಹುವಾಗಿ ಸಡಿಲಿಸಿದರು. ಈಗ ಲ್ಯಾಟಿನ್ ಕಥೋಲಿಕರಿಗೆ ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ಒಂದು ಪೂರ್ಣ ಊಟ, ಬೆಳಗ್ಗೆ ಸಂಜೆ ಸ್ವಲ್ಪ ಆಹಾರ ಸಲ್ಲುತ್ತದೆ. 1983ರ ಧರ್ಮಸಂಹಿತೆಯಂತೆ ಇದು 18 ತುಂಬಿದವರಿಗೆ, 59 ತುಂಬುವವರೆಗೆ. ಮಾಂಸತ್ಯಾಗ 14ರಿಂದ ಮೊದಲು. ರೋಗಿಗಳಿಗೆ, ಗರ್ಭಿಣಿಯರಿಗೆ, ಮೊಲೆಯುಣಿಸುವ ತಾಯಂದಿರಿಗೆ ಬಲವಂತವಿಲ್ಲ. ಅದೇ ಶಾಸನದಲ್ಲಿ ಪೋಪರು ಇನ್ನೊಂದು ವಿವೇಚನೆಯನ್ನೂ ಮಾಡಿದರು: ಸಮೃದ್ಧಿಯಿರುವ ನಾಡುಗಳಲ್ಲಿ ತ್ಯಾಗವೂ ದಾನವೂ ಹೆಚ್ಚಬೇಕು, ಬಡತನದ ನಾಡುಗಳಲ್ಲಿ ಜನರು ಅನುಭವಿಸುತ್ತಿರುವ ಕಷ್ಟವನ್ನೇ ದೇವರಿಗೆ ಅರ್ಪಿಸಬಹುದು. ಉಣ್ಣಲಿಲ್ಲದವನಿಗೆ ಉಣ್ಣಬೇಡವೆಂದು ಬೋಧಿಸುವ ಕ್ರೌರ್ಯ ಅದರಲ್ಲಿಲ್ಲ.

ಒಂದು ಹಿಡಿ ಅಕ್ಕಿ

ಕಟ್ಟಳೆ ಕಿರಿದಾಯಿತು, ವ್ರತ ಹಗುರವಾಯಿತೆ? ಸಿನಿಮಾ, ಸಿಗರೇಟು, ಸಿಹಿತಿಂಡಿಗಳನ್ನು ಬಿಡುವವರು ಹಿಂದಿನಿಂದಲೂ ಇದ್ದರು. ಕೈಯಲ್ಲಿನ ದೂರವಾಣಿಯನ್ನು ಕೆಳಗಿಡುವವರು ಇಂದು ಇದ್ದಾರೆ. ಮನಸ್ಸಿನ ಸಂಯಮಕ್ಕೆ ಇವೆಲ್ಲ ಒಳ್ಳೆಯವೇ. ಆದರೆ ದೂರವಾಣಿಯನ್ನು ಬಿಟ್ಟವನಿಂದ ಹಸಿದವನಿಗೆ ಏನೂ ಉಳಿಯುವುದಿಲ್ಲ. ಅನ್ನವನ್ನು ಬಿಟ್ಟವನಿಂದ ಉಳಿಯಬಹುದು. ತೂಕ ಇಳಿಸಲು ಉಪವಾಸ ಹಿಡಿಯುವವರ ಕಾಲದಲ್ಲಿ ಈ ವ್ಯತ್ಯಾಸವನ್ನು ನೆನೆಯುವುದು ಅವಶ್ಯ.

ಭಾರತದ ಈಶಾನ್ಯ ಮೂಲೆಯ ಮಿಜೋರಾಮಿನ ಸ್ತ್ರೀಯರು ಇದನ್ನು ಉಪವಾಸವೆಂದು ಕರೆಯದೆಯೇ ಸಾಧಿಸಿದ್ದಾರೆ. ಅಲ್ಲಿನ ಕ್ರೈಸ್ತ ಮನೆಗಳಲ್ಲಿ ಪ್ರತಿಯೊಂದು ಅಡುಗೆಗೂ ಮುನ್ನ, ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ಎತ್ತಿ ಬೇರೆ ಪಾತ್ರೆಗೆ ಹಾಕುತ್ತಾರೆ. ಅದನ್ನು ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಸಭೆಯ ಸೇವಾಕಾರ್ಯಗಳಿಗೆ ಬಳಸುತ್ತಾರೆ. ಹಿಡಿ ಅಕ್ಕಿ ಎಂದೇ ಅದರ ಮಿಜೋ ಹೆಸರಿನ ಅರ್ಥ. 1910ರಲ್ಲಿ, ಕಾಸು ಕಾಣದ ಬಡ ಬೆಟ್ಟದೂರುಗಳಲ್ಲಿ ಆರಂಭವಾದ ಈ ಪದ್ಧತಿ ಇಂದಿಗೂ ನಿಂತಿಲ್ಲ. ಮುಷ್ಟಿ ಅಕ್ಕಿಯಿಂದ ಮಠಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸಿದ, ವಾರಾನ್ನದಿಂದ ಬಡ ಹುಡುಗರನ್ನು ಓದಿಸಿದ ಕನ್ನಡದ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಒಂದು ಹಿಡಿಯಿಂದ ಉಣ್ಣುವವರ ಹೊಟ್ಟೆಗೆ ಹೆಚ್ಚಿನ ಕೊರತೆಯಾಗದು. ಅದನ್ನು ಎತ್ತಿಡುವ ಗೃಹಿಣಿಗೆ ಮಾತ್ರ ದಿನಕ್ಕೆರಡು ಬಾರಿ, ಒಲೆ ಹೊತ್ತಿಸುವ ಮುನ್ನ, ತನ್ನ ಮನೆಯ ಪಂಕ್ತಿಯಲ್ಲಿಲ್ಲದ ಇನ್ನೊಬ್ಬರ ನೆನಪಾಗುತ್ತದೆ. ಉಪವಾಸದಿಂದ ಆಗಬೇಕಾದದ್ದೂ ಇಷ್ಟೇ. ಆ ನೆನಪಿಲ್ಲದೆ ನಲವತ್ತು ದಿನ ಹಸಿದರೂ ಅದು ಮಿತವ್ಯಯವಾದೀತು, ಪಥ್ಯವಾದೀತು, ವ್ರತವೆನಿಸದು.